ಉದ್ಯಮಿಯ ಯಶೋಗಾಥೆ ಓದುವುದು ಹೇಗೆ? ಹಂದಿಮಾಂಸದ ದೊರೆ ವಾನ್ ಲಾಂಗ್ ಅವರ ಉದಾಹರಣೆ

ಕೆಳಗಿನಿಂದ ಮೇಲೆ ಬಂದವರ ಕಥೆಗೆ ನಾವೆಲ್ಲ ಸುಲಭವಾಗಿ ಮಾರುಹೋಗುತ್ತೇವೆ. ಷೇರು ಕೊಳ್ಳುವವರಿಗೂ ವಾಣಿಜ್ಯ ಓದುವ ಮಕ್ಕಳಿಗೂ ಅಷ್ಟು ಸಾಲದು. ಜಗತ್ತಿನ ಅತಿದೊಡ್ಡ ಹಂದಿಮಾಂಸ ಕಂಪನಿ ಡಬ್ಲ್ಯೂಎಚ್ ಗ್ರೂಪ್ ಕಟ್ಟಿದ ಚೀನಾದ ವಾನ್ ಲಾಂಗ್ ಅವರ ಬದುಕನ್ನು ಹೀಗೆ ಓದಿ ನೋಡಿ.

ಮೊದಲು, ಆಸ್ತಿ ಯಾರದಿತ್ತು ಎಂದು ಕೇಳಿ. ವಾನ್ ಸ್ವಂತ ಬಂಡವಾಳ ಹಾಕಿ ಶುರುಮಾಡಿದವರಲ್ಲ. ಸೇನೆಯಿಂದ ಮರಳಿ ಹೆನಾನ್ ಪ್ರಾಂತ್ಯದ ಲುವೊಹೆಯಲ್ಲಿದ್ದ ಸರ್ಕಾರಿ ಮಾಂಸ ಕಾರ್ಖಾನೆ ಸೇರಿದರು. 1984ರಲ್ಲಿ ಅದರ ಮುಖ್ಯಸ್ಥರಾದಾಗ ಕಾರ್ಖಾನೆ ನಷ್ಟದಲ್ಲಿತ್ತು. ಸರ್ಕಾರದ ಪಾಲನ್ನು ಗೋಲ್ಡ್‌ಮನ್ ಸ್ಯಾಕ್ಸ್ ಮತ್ತು ಸಿಡಿಎಚ್ ಎಂಬ ಹೂಡಿಕೆ ಸಂಸ್ಥೆಗಳು ಕೊಂಡದ್ದು 2006ರಲ್ಲಿ.

ಎರಡನೆಯದಾಗಿ, ಮಾರಿದ ವಸ್ತುವನ್ನು ಕೈಯಲ್ಲಿ ಹಿಡಿದಂತೆ ನೋಡಿ. ಇಲ್ಲಿ ಅದು ಕೆಂಪು ಪ್ಲಾಸ್ಟಿಕ್ ಹಾಳೆಯೊಳಗೆ ತುಂಬಿ, ಎರಡೂ ತುದಿಗೆ ಲೋಹದ ಕ್ಲಿಪ್ ಒತ್ತಿ, ಹೆಚ್ಚು ಶಾಖದಲ್ಲಿ ಬೇಯಿಸಿದ ಹ್ಯಾಮ್ ಸಾಸೇಜ್. ಫ್ರಿಜ್ ಬೇಡ. ಮನೆಮನೆಯಲ್ಲಿ ಫ್ರಿಜ್ ಇಲ್ಲದ ಚೀನಾದ ಹಳ್ಳಿ, ರೈಲು ನಿಲ್ದಾಣಗಳಿಗೆ ಮಾಂಸ ತಲುಪಿದ್ದು ಹಾಗೆ. ಇದನ್ನು ಚೀನಾದಲ್ಲಿ ಮೊದಲು ಮಾಡಿದ್ದು ಲುವೊಯಾಂಗ್‌ನ ಚುಂದು ಕಂಪನಿ. ವಾನ್ ಅವರ ಶುವಾಂಗ್‌ಹುಯಿ ಬ್ರ್ಯಾಂಡ್ ಬಂದದ್ದು 1992ರಲ್ಲಿ; ಆ ಹೆಸರಿನ ಕಂಪನಿಯೇ ಮುಂದೆ ಡಬ್ಲ್ಯೂಎಚ್ ಗ್ರೂಪ್ ಆಯಿತು. ಚುಂದು ಬೇರೆಬೇರೆ ವ್ಯವಹಾರಗಳಿಗೆ ಕೈಹಾಕಿ ಮುಳುಗಿತು, ವಾನ್ ಮಾಂಸ ಬಿಟ್ಟು ಕದಲಲಿಲ್ಲ. ನನ್ನ ಮಟ್ಟಿಗೆ ಅವರ ನಿಜವಾದ ಸಾಮರ್ಥ್ಯ ಇದೇ.

ಕೆಟ್ಟ ವರ್ಷವನ್ನೂ ಬಿಡದೆ ಓದಿ. 2011ರ ಮಾರ್ಚ್‌ನಲ್ಲಿ ಕೊಬ್ಬು ಕಡಿಮೆ ಮಾಡುವ ನಿಷೇಧಿತ ಔಷಧ ಕ್ಲೆನ್‌ಬ್ಯುಟೆರಾಲ್ ತಿನ್ನಿಸಿದ ಹಂದಿಗಳು ಶುವಾಂಗ್‌ಹುಯಿ ಘಟಕಕ್ಕೆ ಹೋಗುತ್ತಿದ್ದುದನ್ನು ಚೀನಾದ ಸರ್ಕಾರಿ ಟಿವಿ ಬಯಲಿಗೆಳೆಯಿತು. ಜನರ ನಂಬಿಕೆ ಕುಸಿಯಿತು. ಎರಡು ವರ್ಷಕ್ಕೆ ಅಮೆರಿಕದ ಹಂದಿಮಾಂಸ ಕಂಪನಿ ಸ್ಮಿತ್‌ಫೀಲ್ಡ್ ಖರೀದಿ ನಡೆದದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು.

ಖರೀದಿಯ ಸುದ್ದಿಯಲ್ಲಿ ಬೆಲೆಯನ್ನೂ ಸಾಲವನ್ನೂ ಬೇರೆಬೇರೆ ಬರೆದುಕೊಳ್ಳಿ. ಷೇರುಗಳಿಗೆ ಕೊಟ್ಟದ್ದು 470 ಕೋಟಿ ಡಾಲರ್. ಸ್ಮಿತ್‌ಫೀಲ್ಡ್‌ನ ಸಾಲ ಸೇರಿದರೆ 710 ಕೋಟಿ. ಬ್ಯಾಂಕ್ ಆಫ್ ಚೀನಾ ನೇತೃತ್ವದಲ್ಲಿ 400 ಕೋಟಿ ಸಾಲ ಎತ್ತಲಾಯಿತು. ಆ ಭಾರ ಇಳಿಸಲು 2014ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಐಪಿಒಗೆ (ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ) ಹೊರಟರೆ ಕೊಳ್ಳುವವರಿಲ್ಲದೆ ಹಿಂದೆಗೆಯಬೇಕಾಯಿತು. ಖರೀದಿಗೆ ಬಹುಮಾನವೆಂದು ವಾನ್ ಮತ್ತು ಇನ್ನೊಬ್ಬ ಅಧಿಕಾರಿಗೆ ಸುಮಾರು 60 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟದ್ದು ಟೀಕೆಗೆ ಗುರಿಯಾಗಿತ್ತು. ಆಗಸ್ಟ್‌ನಲ್ಲಿ ಮತ್ತೆ ಬಂದು, ಮೊದಲು ಬಯಸಿದ್ದಕ್ಕಿಂತ ಬಹಳ ಕಡಿಮೆ ಹಣ ಎತ್ತಿದರು.

ಉತ್ತರಾಧಿಕಾರಿ ಯಾರೆಂಬುದೂ ಮುಖ್ಯ. 2021ರಲ್ಲಿ ಕಂಪನಿ ವಾನ್ ಅವರ ಹಿರಿಯ ಮಗನನ್ನೇ ಹುದ್ದೆಯಿಂದ ತೆಗೆಯಿತು. ಕೆಲವೇ ವಾರಗಳಲ್ಲಿ ವಾನ್ ಸಿಇಒ ಸ್ಥಾನ ಬಿಟ್ಟು ಅಧ್ಯಕ್ಷರಾಗಿ ಉಳಿದರು.

ಇಷ್ಟೆಲ್ಲ ಸ್ವತಃ ಪರಿಶೀಲಿಸಬೇಕೆನ್ನುವವರು ಐಪಿಒ ಪ್ರಾಸ್ಪೆಕ್ಟಸ್‌ಗಳನ್ನು (ಷೇರು ಮಾರುವ ಮುನ್ನ ಕಂಪನಿ ಹೊರಡಿಸುವ ವಿವರ ಪತ್ರ) ತೆರೆಯಿರಿ. ಹಾಂಗ್‌ಕಾಂಗ್ ಷೇರುಪೇಟೆಯ ಜಾಲತಾಣದಲ್ಲಿ ಅವು ಉಚಿತ. ಅಧ್ಯಕ್ಷರ ಪರಿಚಯಕ್ಕಿಂತ ಮೊದಲು ಅಪಾಯಗಳ ಅಧ್ಯಾಯ ಓದಿ.