ತೀರ್ಥಹಳ್ಳಿ ಮಳೆಯಲ್ಲಿ ಹಳೇ ಸ್ವಿಫ್ಟ್ ಡೀಸೆಲ್: ನನ್ನ ಅನುಭವ

ನನ್ನದು 2012ರ ಸ್ವಿಫ್ಟ್ ವಿಡಿಐ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಾಗ ಮೀಟರ್ 95 ಸಾವಿರದ ಹತ್ತಿರ ಇತ್ತು. ಕೊಟ್ಟಿದ್ದು 3 ಲಕ್ಷ ಚಿಲ್ಲರೆ. ನಮ್ಮ ಕಡೆಯ ಮಳೆ, ತೋಟದ ಮಣ್ಣುರಸ್ತೆ, ಅದರ ಮೇಲೆ ಹಳೇ ಡೀಸೆಲ್ ಗಾಡಿ. ಎರಡು ಮಳೆಗಾಲ ತಡೆದರೆ ನಿನ್ನ ಪುಣ್ಯ ಎಂದವರೇ ಎಲ್ಲ. ಈಗ ಮೀಟರ್ 2 ಲಕ್ಷ ದಾಟಿದೆ. ಇಂಜಿನ್ ಬಿಚ್ಚಿಲ್ಲ, ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಭಾಗ) ಮುಟ್ಟಿಲ್ಲ. ಲೀಟರಿಗೆ 20ರ ಆಸುಪಾಸು ಈಗಲೂ ಕೊಡುತ್ತದೆ.

ಮೊದಲ ತಿಂಗಳೇ ಸುಮಾರು 40 ಸಾವಿರ ಸುರಿದೆ. ಮಾರಿದವರು ಕೊಟ್ಟ ಸರ್ವಿಸ್ ಬಿಲ್ಲುಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಇಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಫಿಲ್ಟರ್‌ಗಳು, ಬೆಲ್ಟ್ ಎಲ್ಲ ಒಂದೇ ಸಲಕ್ಕೆ ಹೊಸದು. ಹೆಚ್ಚು ದುಡ್ಡು ಹೋಗಿದ್ದು ಸಸ್ಪೆನ್ಷನ್ ಮತ್ತು ಟೈರಿಗೆ. ಮನೆಯಲ್ಲಿ ಜಗಳವೇ ಆಯ್ತು. ಆದರೆ ಅವತ್ತಿಂದ ಯಾವುದನ್ನು ಯಾವಾಗ ಬದಲಿಸಿದ್ದು ಅನ್ನೋ ಲೆಕ್ಕ ನನ್ನ ಕೈಯಲ್ಲಿದೆ. ಹಳೇ ಗಾಡಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಸ್ವಿಫ್ಟ್ ಒಳಗಿರೋ ಈ ಫಿಯೆಟ್ ಕಂಪನಿಯ 1.3 ಲೀಟರ್ ಇಂಜಿನ್‌ಗೆ ಟೈಮಿಂಗ್ ಚೈನ್ (ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸೋ ಸರಪಳಿ) ಇದೆ, ಬೆಲ್ಟಿನ ಹಾಗೆ ಬದಲಿಸೋ ಚಿಂತೆ ಇಲ್ಲ ಅಂತ ಸುಮಾರು ಜನ ಆಯಿಲ್ ಮರೆತುಬಿಡುತ್ತಾರೆ. ಚೈನ್ ಬಿಗಿಯಾಗಿ ನಿಲ್ಲೋದೇ ಆಯಿಲ್ ಒತ್ತಡದಿಂದ, ಅಲ್ವಾ? ಮಾರುತಿ 10 ಸಾವಿರ ಕಿಲೋಮೀಟರ್ ಅನ್ನುತ್ತದೆ, ನಾನು 6-7 ಸಾವಿರಕ್ಕೇ ಬದಲಿಸುತ್ತೇನೆ. ಸಲಕ್ಕೆ ಎರಡೂವರೆ ಸಾವಿರ ಬೀಳಬಹುದು. ಆಯಿಲ್ ಕೆಟ್ಟು ಒಂದು ಟರ್ಬೊ ಹೋದರೆ ಆಗೋ ಖರ್ಚಿನ ಮುಂದೆ ಇದು ಏನೂ ಅಲ್ಲ.

ನಿಜವಾದ ಕಾಟ ತುಕ್ಕಿನದು. ಶುರುವಿನಲ್ಲೇ ಒಂದು ಕಡೆ ಆ್ಯಂಟಿ ರಸ್ಟ್ ಕೋಟಿಂಗ್ ಮಾಡಿಸಿದೆ. ಐದಾರು ಸಾವಿರ ತಗೊಂಡರು. ಅಡಿಭಾಗ ಸರಿಯಾಗಿ ಒಣಗಿಸದೆ, ಕೆಸರಿನ ಮೇಲೇ ಹೊಡೆದಿದ್ದಾರೆ. ಬಾಗಿಲಿನ ಕೆಳಗೆ ನೀರು ಇಳಿಯೋ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಒಂದೇ ಮಳೆಗಾಲಕ್ಕೆ ಬಾಗಿಲ ಅಂಚು ಉಬ್ಬಿ ಬಂತು. ಅದನ್ನೆಲ್ಲ ಕೆರೆಸಿ, ಪ್ರೈಮರ್ ಹೊಡೆಸಿ, ಬಣ್ಣ ಹಾಕಿಸಲು ಕೋಟಿಂಗ್‌ನ ಎರಡರಷ್ಟು ಖರ್ಚು. ಆಮೇಲೆ ಈ ಕೆಲಸ ನಾನೇ ಮಾಡುತ್ತೇನೆ. ಮೇ ತಿಂಗಳ ಬಿಸಿಲಲ್ಲಿ ಅಡಿಭಾಗ ತೊಳೆದು, ಎರಡು ದಿನ ಒಣಗಲು ಬಿಟ್ಟು, ಆಮೇಲೆ ಕೋಟಿಂಗ್ ಬಳಿಯುವುದು. ಡೋರ್ ತೂತುಗಳ ಕಸ ತೆಗೆಯೋಕೆ ತೆಂಗಿನ ಕಡ್ಡಿ ಸಾಕು. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದರೆ ನೀರು ಒಳಗೆ ಇಳಿದು ಕಾರ್ಪೆಟ್ ನೆನೆಯುತ್ತದೆ. ಕಾರ್ಪೆಟ್ ಕೆಳಗಿನ ತಗಡು ತುಕ್ಕು ಹಿಡಿದಿದ್ದು ಕಣ್ಣಿಗೆ ಬೀಳುವಾಗ ತಡವಾಗಿರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆ ಎಲೆ ತೆಗೆಯಲೇಬೇಕು. ಬಾಗಿಲ ಕೆಳಗಿನ ಟೊಳ್ಳಿನೊಳಗೆ ನಾನು ಏನು ಬಿಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಹಳೇ ಇಂಜಿನ್ ಆಯಿಲನ್ನು ಗಾಡಿಯ ಅಡಿಭಾಗಕ್ಕೆ ಬಳಿಯೋ ಪದ್ಧತಿ ನಮ್ಮಲ್ಲಿ ಇದೆ. ನೆಂಟರ ಹಳೇ ಪಿಕಪ್ ಮೇಲೆ ನೋಡಿದೆವು. ತುಕ್ಕು ಕಡಿಮೆಯಾಗಿದ್ದು ನಿಜ, ಆದರೆ ರಬ್ಬರ್ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿರೋ ರಬ್ಬರ್) ಉಬ್ಬಿ ಹಾಳಾದವು. ಬಾನೆಟ್ ಒಳಗೆ ಸೇರೋ ಇಲಿಗೆ ಹೊಗೆಸೊಪ್ಪು ಕಟ್ಟಿ ಇಟ್ಟೆ. ವಾಸನೆ ಇರೋವರೆಗೆ ಇಲಿ ಬರಲ್ಲ, ತಿಂಗಳಿಗೊಮ್ಮೆ ಹೊಸದು ಇಡಬೇಕು.

ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಎರಡನೇ ಗೇರ್ ಬಿಡಲ್ಲ, ಇಂಜಿನ್ನೇ ಗಾಡಿಯ ವೇಗ ಹಿಡಿಯುತ್ತದೆ. ಬ್ರೇಕ್ ಪ್ಯಾಡ್ ನನಗೆ ಬರುವಷ್ಟು ಬಾಳಿಕೆ ನಮ್ಮೂರಲ್ಲಿ ಇನ್ನೊಬ್ಬರಿಗೆ ಬಂದಿದ್ದು ನೋಡಿಲ್ಲ. ಬ್ರೇಕ್ ಆಯಿಲ್ ನೀರು ಹೀರುತ್ತದೆ, ನಮ್ಮ ಹವೆಗೆ ಇನ್ನೂ ಬೇಗ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬರೀ ಪೇಟೆಗೆ ಹೋಗಿ ಬರೋ ಓಡಾಟದಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸೋ ವಾಲ್ವ್) ಮಸಿ ಕಟ್ಟುತ್ತದೆ. ಅದಕ್ಕೇ ಆಗಾಗ ಶಿವಮೊಗ್ಗದವರೆಗೆ ಒಂದೇ ಸಮ ಓಡಿಸುತ್ತೇನೆ.

ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದಾಗ ಪಾರ್ಟ್ಸ್ ಸಿಗಲ್ಲ ಅಂತ ಹೆದರಿಸಿದರು. ಇದೇ ಇಂಜಿನ್ ಡಿಸೈರ್, ಪುಂಟೋ, ಟಾಟಾ ವಿಸ್ಟಾದಲ್ಲೂ ಇತ್ತು. ನನಗಂತೂ ಇವತ್ತಿನವರೆಗೆ ಯಾವ ಪಾರ್ಟಿಗೂ ಪರದಾಟ ಆಗಿಲ್ಲ. ಈ ಮಳೆ ಮುಗಿದ ಮೇಲೆ ಕ್ಲಚ್ ಸೆಟ್ ಹಾಕಿಸಬೇಕು, ದುಡ್ಡು ಆಗಲೇ ಎತ್ತಿಟ್ಟಿದ್ದೇನೆ.