ಆರ್‌ಎಕ್ಸ್ ಎಂಜಿನ್ ಮಾಡಿಫೈ ಆಯ್ತು, ಇನ್ನು ಜೆಟ್ ಹೊಂದಿಸುವುದು ಹೇಗೆ?

ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಆದರೂ ಅದಕ್ಕೆ ಪೋರ್ಟಿಂಗ್ (ಸಿಲಿಂಡರಿನ ಗಾಳಿ ದಾರಿಗಳನ್ನು ಕೊರೆದು ತಿದ್ದುವುದು) ಮಾಡಿಸುವವರು, ಎಕ್ಸ್‌ಪಾನ್ಷನ್ ಚೇಂಬರ್ (ಹೊಟ್ಟೆ ಉಬ್ಬಿದ ರೇಸಿಂಗ್ ಸೈಲೆನ್ಸರ್) ಹಾಕಿಸುವವರು ನಮ್ಮಲ್ಲಿ ಇವತ್ತಿಗೂ ಕಡಿಮೆಯಾಗಿಲ್ಲ. ಸಿಲಿಂಡರ್ ಕೆಲಸಕ್ಕೆ ಸಾವಿರಗಟ್ಟಲೆ ಖರ್ಚು ಮಾಡಿದವರು ಕೂಡ ಕಾರ್ಬರೇಟರ್ ವಿಷಯಕ್ಕೆ ಬಂದರೆ ಕೇಳುವುದು ಒಂದೇ ಪ್ರಶ್ನೆ: ಮೇನ್ ಜೆಟ್ ಎಷ್ಟು ನಂಬರ್ ಹಾಕಬೇಕು? ಜೆಟ್ ಅಂದರೆ ಕಾರ್ಬರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ, ನಂಬರ್ ದೊಡ್ಡದಾದಷ್ಟೂ ಪೆಟ್ರೋಲ್ ಜಾಸ್ತಿ. ಈ ಪ್ರಶ್ನೆಗೆ ಇನ್ನೊಬ್ಬರ ಗಾಡಿ ನೋಡಿ ಉತ್ತರ ಹೇಳಲಾಗದು. ಅವರ ಚೇಂಬರ್ ಬೇರೆ, ಪೋರ್ಟ್ ಅಳತೆ ಬೇರೆ, ಏರ್ ಫಿಲ್ಟರ್ ಬೇರೆ. ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ ಇದೆ. ಎಂಜಿನ್ ತಡವರಿಸುವಾಗ ಎಕ್ಸಿಲರೇಟರ್ ಎಷ್ಟು ತಿರುಗಿರುತ್ತದೆ?

ಕಾರ್ಬರೇಟರಿನ ಒಂದೊಂದು ಭಾಗ ಎಕ್ಸಿಲರೇಟರಿನ ಒಂದೊಂದು ಹಂತದಲ್ಲಿ ಕೆಲಸ ಮಾಡುತ್ತದೆ. ಐಡ್ಲಿಂಗ್‌ನಿಂದ ಕಾಲು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಅದರ ಗಾಳಿ ಹೊಂದಿಸುವ ಏರ್ ಸ್ಕ್ರೂ. ಅದರ ಆಸುಪಾಸಿನಲ್ಲಿ, ಎಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿದ ಭಾಗದ ಪಾಲೂ ಇರುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗುವ ಸೂಜಿ, ಅಂದರೆ ನೀಡಲ್, ಮತ್ತು ಅದು ಇಳಿಯುವ ನೀಡಲ್ ಜೆಟ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಇವು ಗೆರೆ ಎಳೆದ ಹಾಗೆ ಬೇರೆಯಾಗುವುದಿಲ್ಲ, ಒಂದರ ಪ್ರಭಾವ ಇನ್ನೊಂದರ ಮೇಲೆ ಸ್ವಲ್ಪ ಚಾಚಿಕೊಂಡಿರುತ್ತದೆ. ಆದರೂ ಸಿಟಿಯಲ್ಲಿ ನಿಧಾನಕ್ಕೆ ಹೋಗುವಾಗ ಬರುವ ಮಿಸ್ಸಿಂಗ್‌ಗೆ ಮೇನ್ ಜೆಟ್ ಬದಲಿಸಿದರೆ ಏನೂ ಉಪಯೋಗ ಇಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ ಹ್ಯಾಂಡಲ್‌ನಲ್ಲಿ. ಎಕ್ಸಿಲರೇಟರ್ ಗ್ರಿಪ್ಪಿನ ಮೇಲೆ ಬಿಳಿ ಟೇಪ್ ಸುತ್ತಿ. ಪಕ್ಕದ ಸ್ವಿಚ್ ಬಾಕ್ಸಿನ ಮೇಲೆ ಒಂದು ಗೆರೆ ಹಾಕಿ. ಪೂರ್ತಿ ಮುಚ್ಚಿದಾಗ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ತೆರೆದಾಗ ಆ ಗೆರೆಗೆ ಎದುರಾಗಿ ಟೇಪಿನ ಮೇಲೆ ಗುರುತು ಮಾಡಿ. ಕೇಬಲ್‌ನ ಸಡಿಲು ಮೊದಲೇ ತೆಗೆದಿರಬೇಕು. ಇನ್ನು ಮುಂದೆ ಸ್ಪೀಡೋಮೀಟರ್ ಲೆಕ್ಕಕ್ಕಿಲ್ಲ, ಈ ಗುರುತುಗಳೇ ಲೆಕ್ಕ.

ಜೆಟ್ ಮುಟ್ಟುವ ಮುಂಚೆ

ಗಾಳಿ ಲೀಕ್ ಇರುವ ಎಂಜಿನ್‌ಗೆ ಯಾವ ಜೆಟ್ಟೂ ಹೊಂದುವುದಿಲ್ಲ. ಕಾರ್ಬರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಅದರ ಸುತ್ತ ಸ್ವಲ್ಪ ಕಾರ್ಬರೇಟರ್ ಕ್ಲೀನರ್ ಸ್ಪ್ರೇ ಮಾಡಿ. ಬಿಸಿ ಸೈಲೆನ್ಸರ್ ಮೇಲೆ ಬೀಳದ ಹಾಗೆ ಹುಷಾರಾಗಿರಿ. ಎಂಜಿನ್ ಸದ್ದು ಬದಲಾದರೆ ಅಲ್ಲೇ ಲೀಕ್ ಇದೆ. ಟೂ ಸ್ಟ್ರೋಕ್‌ನಲ್ಲಿ ಇನ್ನೊಂದು ಕಳ್ಳದಾರಿ ಕ್ರ್ಯಾಂಕ್‌ನ ಆಯಿಲ್ ಸೀಲ್. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಬಂದು ಎಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಕಾರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಹಳೆ ಎಂಜಿನ್ ಬಿಚ್ಚಿ ಪೋರ್ಟಿಂಗ್ ಮಾಡಿಸುವಾಗ ಎರಡೂ ಸೀಲ್ ಹೊಸದು ಹಾಕಿಸಿಬಿಡಿ.

ಕಾರ್ಬರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರ, ಪೆಟ್ರೋಲ್ ಕಾಕ್‌ನ ಫಿಲ್ಟರ್, ಟ್ಯಾಂಕಿನ ತುಕ್ಕು, ಆಯಿಲ್ ಪಂಪ್ ಕೇಬಲ್‌ನ ಗುರುತು, ಇಗ್ನಿಷನ್ ಟೈಮಿಂಗ್ ಇವೂ ಸರಿ ಇರಬೇಕು. ಹಾಕುವ ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಯಾವುದು ಎಂದು ಮೊದಲೇ ನಿರ್ಧಾರ ಮಾಡಿ, ಟ್ಯೂನಿಂಗ್ ಮುಗಿದ ಮೇಲೆ ಬದಲಿಸಬೇಡಿ. ಬಾಕ್ಸ್ ತೆಗೆದು ಓಪನ್ ಫಿಲ್ಟರ್ ಹಾಕಿದಾಗ ಗಾಳಿ ಸಲೀಸಾಗಿ ಬರುತ್ತದೆ, ಜೊತೆಗೆ ಜೆಟ್‌ನಿಂದ ಪೆಟ್ರೋಲ್ ಎಳೆಯುವ ಸೆಳೆತ ಕಡಿಮೆಯಾಗುತ್ತದೆ. ಎರಡೂ ಸೇರಿ ಎಂಜಿನ್ ಲೀನ್ ಕಡೆಗೇ ಹೋಗುತ್ತದೆ.

ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಜೆಟ್ ಹುಡುಕಬಹುದು. ಒಂದೇ ಜೆಟ್ ತರಬೇಡಿ. ಈಗಿರುವುದಕ್ಕಿಂತ ದೊಡ್ಡ ನಾಲ್ಕೈದು ನಂಬರ್ ಒಟ್ಟಿಗೆ ತನ್ನಿ, ಎಲ್ಲವೂ ಒಂದೇ ಕಂಪನಿಯದಿರಲಿ. ಮಿಕುನಿ ನಂಬರಿಗೂ ಕೀಹಿನ್ ನಂಬರಿಗೂ ತಾಳೆಯಾಗುವುದಿಲ್ಲ. ನಕಲಿ ಜೆಟ್‌ಗಳಲ್ಲಿ ಮೇಲಿನ ನಂಬರ್ ಒಂದು, ಒಳಗಿನ ತೂತು ಇನ್ನೊಂದು. ಇರುವ ಜೆಟ್ಟಿಗೇ ತಂತಿ ಹಾಕಿ ತೂತು ಹಿಗ್ಗಿಸುವುದಂತೂ ಬೇಡವೇ ಬೇಡ. ತೂತಿನ ಒಳಮೈ ಗೀರು ಬಿದ್ದರೆ ಪೆಟ್ರೋಲ್ ಎಷ್ಟು ಹರಿಯುತ್ತದೆ ಎಂದು ಯಾರಿಗೂ ಹೇಳಲಾಗದು.

ರಿಚ್‌ನಿಂದ ಕೆಳಗೆ ಇಳಿಯಿರಿ

ಒಂದು ನಿಯಮ ಮಾತ್ರ ಮುರಿಯಲೇಬಾರದು. ಪೆಟ್ರೋಲ್ ಜಾಸ್ತಿ ಇರುವ, ಅಂದರೆ ರಿಚ್ ಕಡೆಯಿಂದ ಶುರು ಮಾಡಿ, ಒಂದೊಂದೇ ಸೈಜ್ ಇಳಿಸುತ್ತಾ ಬನ್ನಿ. ರಿಚ್ ಆದರೆ ಪ್ಲಗ್ ಕಪ್ಪಾಗುತ್ತದೆ, ಪಿಕಪ್ ಕಡಿಮೆಯಾಗುತ್ತದೆ, ಅಷ್ಟೇ. ಲೀನ್ ಆದರೆ ಉರಿಯ ಶಾಖ ಏರುತ್ತದೆ, ಪಿಸ್ಟನ್ ಹಿಗ್ಗುತ್ತದೆ, ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಓಡುವ ಗಾಡಿಯಲ್ಲಿ ಸೀಜ್ ಆದರೆ ಹಿಂದಿನ ಚಕ್ರ ನಿಂತುಬಿಡುತ್ತದೆ. ಅದಕ್ಕೇ ಪರೀಕ್ಷೆ ಮಾಡುವಾಗ ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲೆ ಇರಬೇಕು.

ಪೂರ್ತಿ ಎಕ್ಸಿಲರೇಟರ್ ಪರೀಕ್ಷೆಗೆ ರಿಂಗ್ ರೋಡ್ ಜಾಗವಲ್ಲ. ಡೈನೋ (ಗಾಡಿ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಇರುವ ಗ್ಯಾರೇಜ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಥರದ ಟ್ರ್ಯಾಕ್. ಇನ್ನೂ ಒಂದು ಮಾತು: ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕಿದೆ. ರೇಸಿಂಗ್‌ಗೆ ಕಟ್ಟಿದ ಎಂಜಿನ್ ಟ್ರ್ಯಾಕ್‌ನಲ್ಲೇ ಇರಲಿ.

ಹಂತ 1: ಮೇನ್ ಜೆಟ್. ಮೊದಲು ಏರ್ ಸ್ಕ್ರೂ ಪೂರ್ತಿ ಒಳಗೆ ಹಾಕಿ, ಒಂದೂವರೆ ಸುತ್ತು ಹೊರಗೆ ತನ್ನಿ. ನೀಡಲ್ ಕ್ಲಿಪ್ ಮಧ್ಯದ ಕಚ್ಚಿನಲ್ಲಿರಲಿ. ಮೇನ್ ಜೆಟ್ ಎರಡು ಮೂರು ಸೈಜ್ ದೊಡ್ಡದು ಹಾಕಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಪೂರ್ತಿ ತೆರೆಯಿರಿ. ಜೆಟ್ ದೊಡ್ಡದಾಗಿದ್ದರೆ ಆರ್‌ಪಿಎಂ ಮೇಲೆ ಹೋಗುವುದಿಲ್ಲ. ಟೂ ಸ್ಟ್ರೋಕ್‌ನ ಕಿರಿಚುವ ಸದ್ದಿನ ಬದಲು ಬಡಬಡ ಎಂದು ಫೋರ್ ಸ್ಟ್ರೋಕ್ ಥರ ಸದ್ದು ಬರುತ್ತದೆ. ಇದು ಕೇಳಿಸಿದರೆ ಖುಷಿಪಡಿ, ನೀವು ಸುರಕ್ಷಿತ ಕಡೆ ಇದ್ದೀರಿ. ಒಂದು ಸೈಜ್ ಇಳಿಸಿ, ಮತ್ತೆ ಓಡಿಸಿ. ಆ ಬಡಬಡ ಸದ್ದು ಹೋಗಿ ಎಂಜಿನ್ ಸಲೀಸಾಗಿ ತುದಿಯವರೆಗೆ ಎಳೆಯುವ ಜೆಟ್ ಸಿಕ್ಕ ಕೂಡಲೇ ಇಳಿಸುವುದನ್ನು ನಿಲ್ಲಿಸಿ. ಪೂರ್ತಿ ತೆರೆದಾಗ ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಗಾಡಿ ಇನ್ನೂ ಜೋರಾಗಿ ಎಳೆಯಿತು ಅಂದರೆ ಮೇನ್ ಜೆಟ್ ಸಣ್ಣದಾಗಿದೆ. ತಕ್ಷಣ ದೊಡ್ಡದು ಹಾಕಿ.

ಈಗ ಪ್ಲಗ್ ನೋಡಬೇಕು. ಹಳೆ ಪ್ಲಗ್ ಬಿಚ್ಚಿ ಬಣ್ಣ ನೋಡಿ ತಲೆಯಾಡಿಸುವುದರಿಂದ ಮೇನ್ ಜೆಟ್ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಮೇಲೆ ಐಡ್ಲಿಂಗ್, ಸಿಗ್ನಲ್, ಟ್ರಾಫಿಕ್ ಎಲ್ಲದರ ಮಸಿ ಕೂತಿರುತ್ತದೆ. ಬಿಸಿ ಎಂಜಿನ್‌ಗೆ ಹೊಸ ಪ್ಲಗ್ ಹಾಕಿ. ಟ್ರ್ಯಾಕ್‌ನ ನೇರ ಭಾಗದಲ್ಲಿ ಪೂರ್ತಿ ಎಕ್ಸಿಲರೇಟರ್‌ನಲ್ಲಿ ಓಡಿಸಿ. ಎಕ್ಸಿಲರೇಟರ್ ಬಿಡದೆ ಕಿಲ್ ಸ್ವಿಚ್ ಒತ್ತಿ, ಅದೇ ಕ್ಷಣ ಕ್ಲಚ್ ಹಿಡಿದು ಗಾಡಿ ತಾನಾಗಿ ನಿಲ್ಲಲು ಬಿಡಿ. ಕಿಲ್ ಸ್ವಿಚ್ ಇಲ್ಲದಿದ್ದರೆ ಈ ಕೆಲಸಕ್ಕೆ ಮುಂಚೆ ಒಂದು ಹಾಕಿಸಿ. ಪ್ಲಗ್ ಬಿಚ್ಚಿ, ಟಾರ್ಚ್ ಹಿಡಿದು ಬಿಳಿ ಪಿಂಗಾಣಿಯ ತುದಿಯನ್ನಲ್ಲ, ಅದು ಒಳಗೆ ಲೋಹಕ್ಕೆ ಸೇರುವ ಬುಡವನ್ನು ನೋಡಿ. ಅಲ್ಲಿ ತೆಳುವಾದ ಕಂದು ಉಂಗುರ ಕಂಡರೆ ಸರಿ ಇದೆ. ಗುರುತೇ ಇಲ್ಲದೆ ಬೆಳ್ಳಗಿದ್ದರೆ, ಅಥವಾ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಸಣ್ಣ ಹೊಳೆಯುವ ಕಾಳು ಕಂಡರೆ ಇನ್ನು ಓಡಿಸಬೇಡಿ. ಆ ಕಾಳು ಪಿಸ್ಟನ್‌ನದು.

ಹಂತ 2: ನೀಡಲ್. ಗಾಡಿ ಜಾಸ್ತಿ ಹೊತ್ತು ಓಡುವುದು ಈ ಹಂತದಲ್ಲೇ. ಆದರೂ ಜನ ಇದನ್ನೇ ಮರೆಯುತ್ತಾರೆ. ಕ್ಲಿಪ್ ಮೇಲಿನ ಕಚ್ಚಿಗೆ ಹಾಕಿದರೆ ನೀಡಲ್ ಕೆಳಗೆ ಇಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಕೆಳಗಿನ ಕಚ್ಚಿಗೆ ಹಾಕಿದರೆ ನೀಡಲ್ ಮೇಲೆದ್ದು ಪೆಟ್ರೋಲ್ ಜಾಸ್ತಿಯಾಗುತ್ತದೆ. ಅರ್ಧ ಗುರುತಿನಲ್ಲಿ ಸ್ಥಿರವಾಗಿ ಓಡಿಸಿ. ಎಂಜಿನ್ ಮಂಕಾಗಿ, ಹೊಗೆ ಜಾಸ್ತಿಯಾದರೆ ರಿಚ್. ಹಿಂದೆ ಮುಂದೆ ಜಗ್ಗಿದ ಹಾಗೆ ಆಗಿ ಟಣ ಟಣ ಸದ್ದು ಬಂದರೆ ಲೀನ್. ಅನುಮಾನ ಇದ್ದರೆ ಚೋಕ್ ಸ್ವಲ್ಪ ಎಳೆದು ನೋಡಿ. ಎಳೆತ ಸುಧಾರಿಸಿದರೆ ಲೀನ್, ಇನ್ನೂ ಕೆಟ್ಟರೆ ರಿಚ್. ಒಂದು ಸಲಕ್ಕೆ ಒಂದೇ ಕಚ್ಚು ಬದಲಿಸಿ.

ಹಂತ 3: ಪೈಲಟ್. ಬಿಸಿ ಎಂಜಿನ್‌ನಲ್ಲಿ ಏರ್ ಸ್ಕ್ರೂವನ್ನು ನಿಧಾನಕ್ಕೆ ಒಳಗೆ ಹೊರಗೆ ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗ ಹುಡುಕಿ. ಆಮೇಲೆ ಸ್ಲೈಡ್ ಸ್ಕ್ರೂನಿಂದ ಐಡ್ಲಿಂಗ್ ಇಳಿಸಿ. ಸ್ಕ್ರೂ ಒಂದು ಸುತ್ತಿಗಿಂತ ಒಳಗೇ ನಿಂತರೆ ದೊಡ್ಡ ಪೈಲಟ್ ಬೇಕು. ಎರಡೂವರೆ ಸುತ್ತು ದಾಟಿದರೆ ಸಣ್ಣದು ಬೇಕು. ಎಕ್ಸಿಲರೇಟರ್ ಬಿಟ್ಟ ಮೇಲೆ ಆರ್‌ಪಿಎಂ ಇಳಿಯದೆ ಮೇಲೇ ನೇತಾಡಿದರೆ ಪೈಲಟ್ ಲೀನ್ ಇದೆ, ಇಲ್ಲವೇ ಗಾಳಿ ಲೀಕ್ ಇದೆ. ಗಮನಿಸಿ, ಸ್ಕ್ರೂ ಏರ್ ಫಿಲ್ಟರ್ ಬದಿಯಲ್ಲಿದ್ದರೆ ಹೊರಗೆ ತಂದಷ್ಟೂ ಲೀನ್. ಎಷ್ಟೋ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಅದು ಎಂಜಿನ್ ಬದಿಯಲ್ಲಿರುತ್ತದೆ, ಅಲ್ಲಿ ಹೊರಗೆ ತಂದಷ್ಟೂ ರಿಚ್. ಅಂಥ ಗಾಡಿ ಟ್ಯೂನ್ ಮಾಡಿದ ಅಭ್ಯಾಸದಲ್ಲಿ ಆರ್‌ಎಕ್ಸ್‌ಗೆ ಕೈ ಹಾಕುವವರು ಇಲ್ಲೇ ಎಡವುತ್ತಾರೆ.

ಮೂರೂ ಆದ ಮೇಲೆ ಮೇನ್ ಜೆಟ್ ಇನ್ನೊಮ್ಮೆ ಪರೀಕ್ಷಿಸಿ. ಜೆಟ್ ನಂಬರ್, ಕ್ಲಿಪ್ ಎಷ್ಟನೇ ಕಚ್ಚು, ಸ್ಕ್ರೂ ಎಷ್ಟು ಸುತ್ತು, ಅವತ್ತಿನ ಹವೆ, ಊರು ಎಲ್ಲ ಬರೆದಿಡಿ.

ಪೆಟ್ರೋಲ್ ಬದಲಾಯಿತು, ಊರೂ ಬದಲಾಗುತ್ತದೆ

ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಬರಿ ಪೆಟ್ರೋಲ್ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಎಥೆನಾಲ್‌ಗೆ 9 ಭಾಗ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಬೇಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬರೇಟರ್ ಏನೂ ಬದಲಾಗದೆ ಲೀನ್ ಆಗಿಬಿಟ್ಟಿರುತ್ತದೆ. ಹಳೆ ನೋಟ್‌ಬುಕ್ಕಿನ ನಂಬರ್ ನಂಬಬೇಡಿ, ಮತ್ತೆ ರಿಚ್‌ನಿಂದ ಶುರು ಮಾಡಿ. ಆಯಿಲ್ ಪಂಪ್ ತೆಗೆದು ಟ್ಯಾಂಕಿಗೇ ಆಯಿಲ್ ಬೆರೆಸುವವರಿಗೂ ಇದೇ ಮಾತು. ಅದೇ ಜೆಟ್‌ನಲ್ಲಿ ಆಯಿಲ್ ಕೂಡ ಹರಿಯುವುದರಿಂದ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್ ತಂಪಾಗಿರುತ್ತದೆ ಎಂದು ಸುಮ್ನೆ ಸುರಿಯಬೇಡಿ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ 10 ಶೇಕಡಾ ಕಡಿಮೆ. ಬೆಂಗಳೂರಿನಲ್ಲಿ ಅಂಚಿಗೆ ತಂದು ಹೊಂದಿಸಿದ ಜೆಟ್ ಶಿರಾಡಿ ಘಾಟ್ ಇಳಿದ ಮೇಲೆ ಸಣ್ಣದಾಗುತ್ತದೆ. ಕರಾವಳಿಯ ಸೆಕೆ ಗಾಳಿಯನ್ನು ಸ್ವಲ್ಪ ತೆಳುವಾಗಿಸುತ್ತದೆ ನಿಜ, ಆದರೆ ಅಷ್ಟರಿಂದ ಆ ವ್ಯತ್ಯಾಸ ಪೂರ್ತಿ ತುಂಬುವುದಿಲ್ಲ. ಘಾಟ್ ಇಳಿಯುವಾಗ ಎಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಕಿಲೋಮೀಟರ್‌ಗಟ್ಟಲೆ ಬಿಡಬೇಡಿ. ಆರ್‌ಪಿಎಂ ಜಾಸ್ತಿ ಇದ್ದು ಆಯಿಲ್ ಕಡಿಮೆ ಹೋಗುವ ಹೊತ್ತು ಅದು. ಆಗಾಗ ಎಕ್ಸಿಲರೇಟರ್ ಸ್ವಲ್ಪ ಕೊಡುತ್ತಾ ಇರಿ. ಕರಾವಳಿಗೆ ಹೊರಡುವ ಹಿಂದಿನ ದಿನವೇ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ತೆಗೆದ ಸಣ್ಣ ಜೆಟ್ ಟೂಲ್ ಬಾಕ್ಸಿನಲ್ಲಿರಲಿ, ವಾಪಸ್ ಬಂದ ಮೇಲೆ ಹಾಕಿದರಾಯಿತು.