ಜೋನಿ ಬೆಲ್ಲದ ಓಟ್ಸ್ ಬಾರ್: ಪಾಕ ನೋಡಿ ಇಳಿಸಿ

ಮಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಾನೆ. ಸಕಲೇಶಪುರದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಆದರೂ ಬರುವುದು ತಿಂಗಳಿಗೊಮ್ಮೆ. ಹೋಗುವಾಗ ಡಬ್ಬಿ ತುಂಬಿಸಿ ಕಳಿಸದಿದ್ದರೆ ನನಗೆ ಸಮಾಧಾನವಿಲ್ಲ. ಬೆಳಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಡುವ ಹುಡುಗ. ಬ್ಯಾಗಿನಲ್ಲಿ ಇಟ್ಟುಕೊಂಡು ತಿನ್ನುವ ಹಾಗಿರಬೇಕು, ಹೊಟ್ಟೆಗೂ ಆಧಾರ ಆಗಬೇಕು ಅಂತ ಓಟ್ಸ್ ಬಾರ್ ಮಾಡಲು ಶುರು ಮಾಡಿದೆ.

ಮೊದಲ ಸಲ ಕಲ್ಲಾಯಿತು. ಎರಡನೇ ಸಲ ಕತ್ತರಿಸುವಾಗಲೇ ಪುಡಿಪುಡಿ. ನಾನು ಓವನ್ ಸರಿಯಿಲ್ಲ ಅಂದುಕೊಂಡಿದ್ದೆ. ಮೂರನೇ ಸಲ ಅತ್ತೆ ಒಲೆ ಪಕ್ಕ ಬಂದು ನಿಂತರು. ಬಾಣಲೆ ನೋಡಿದ ಕೂಡಲೇ, "ಪಾಕ ಜಾಸ್ತಿ ಏರಿಸ್ತಿದೀಯ ಕಣೇ, ಇದು ಚಿಕ್ಕಿ ಅಲ್ಲ, ಇಳಿಸು" ಅಂದರು. ಅವತ್ತಿನ ಬಾರ್ ಹಲ್ಲಿಗೆ ಮೆತ್ತಗೆ ಸಿಕ್ಕಿ, ಜಗಿದಷ್ಟೂ ಬೆಲ್ಲ ಬಿಡುತ್ತಿತ್ತು. ಅವತ್ತಿನಿಂದ ನಾನು ಗಮನ ಕೊಡುವುದೆಲ್ಲ ಪಾಕಕ್ಕೆ.

ಮೊದಲು ಓಟ್ಸ್ ಬಗ್ಗೆ. ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಒಂದು ರೋಲ್ಡ್ ಓಟ್ಸ್, ಇನ್ನೊಂದು ಬೇಗ ಬೇಯುವ ಇನ್‌ಸ್ಟಂಟ್. ನಮ್ಮ ಗಟ್ಟಿ ಅವಲಕ್ಕಿಗೂ ಪೇಪರ್ ಅವಲಕ್ಕಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ಓಟ್ಸ್ ಕಾಳನ್ನು ಹಬೆಯಲ್ಲಿ ಬೇಯಿಸಿ ರೋಲರ್ ಅಡಿ ಒತ್ತಿ ಚಪ್ಪಟೆ ಮಾಡುತ್ತಾರೆ. ಇನ್‌ಸ್ಟಂಟ್ ಇನ್ನೂ ತೆಳು, ಪಾಕ ಬಿದ್ದರೆ ಹಿಟ್ಟಾಗಿಬಿಡುತ್ತದೆ, ಜಗಿಯಲು ಏನೂ ಉಳಿಯುವುದಿಲ್ಲ. ರೋಲ್ಡ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ಎಂಟು ಇಂಚಿನ ಚೌಕದ ಟಿನ್ನಿಗೆ 250 ಗ್ರಾಂ ಓಟ್ಸ್, 180 ಗ್ರಾಂ ಜೋನಿ ಬೆಲ್ಲ (ಜೇನಿನ ಹಾಗೆ ಹರಿಯುವ ನೀರು ಬೆಲ್ಲ), 100 ಗ್ರಾಂ ಬೆಣ್ಣೆ. ಜೊತೆಗೆ ಒಂದು ಹಿಡಿ ಹುರಿದ ಕಡಲೆಬೀಜ, ಅರ್ಧ ಹಿಡಿ ದ್ರಾಕ್ಷಿ, ಎರಡು ಚಮಚ ಎಳ್ಳು, ಸ್ವಲ್ಪ ತುರಿದ ಒಣಕೊಬ್ಬರಿ. ಅರಸೀಕೆರೆ ಕಡೆಯ ಕೊಬ್ಬರಿ ನಮಗೆ ಸುಲಭವಾಗಿ ಸಿಗುತ್ತದೆ, ಅದರ ಎಣ್ಣೆಯಂಶ ಬಾರಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ. ನಾಲ್ಕು ಏಲಕ್ಕಿ, ಕಾಲು ಚಮಚ ಒಣಶುಂಠಿ ಪುಡಿ, ಚಿಟಿಕೆ ಉಪ್ಪು. ಉಪ್ಪಿರುವ ಬೆಣ್ಣೆ ತಂದಿದ್ದರೆ ಬೇರೆ ಉಪ್ಪು ಬೇಡ. ಬೆಣ್ಣೆ ಬದಲು ತುಪ್ಪ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು, ಆದರೆ ತುಪ್ಪದಲ್ಲಿ ನೀರಿನಂಶ ಇಲ್ಲ, ಬಾರ್ ಸ್ವಲ್ಪ ಗರಿಗರಿ ಆಗುತ್ತದೆ. ನನಗೆ ಬೆಣ್ಣೆಯೇ ಇಷ್ಟ.

ಇಂಗ್ಲೆಂಡಿನಲ್ಲಿ ಇದನ್ನೇ ಫ್ಲಾಪ್‌ಜ್ಯಾಕ್ ಅನ್ನುತ್ತಾರೆ, ಅಲ್ಲಿ ಗೋಲ್ಡನ್ ಸಿರಪ್ ಹಾಕುತ್ತಾರೆ. ನಮಗೆ ಅದು ಬೇಕಾಗಿಲ್ಲ. ಸಾಗರದಲ್ಲಿರುವ ಅಕ್ಕ ಕಳಿಸುವ ಜೋನಿ ಬೆಲ್ಲ ಅದೇ ಕೆಲಸ ಮಾಡುತ್ತದೆ, ರುಚಿಯಂತೂ ಇನ್ನೂ ಮೇಲು. ಡಬ್ಬಿಯ ತಳದಲ್ಲಿ ಹರಳು ಕೂತಿರುತ್ತದೆ, ಅದನ್ನು ಬಿಟ್ಟು ಮೇಲಿನ ತೆಳುವಾದ ಬೆಲ್ಲ ತೆಗೆದುಕೊಳ್ಳಿ. ಜೋನಿ ಬೆಲ್ಲ ಸಿಗದಿದ್ದರೆ 150 ಗ್ರಾಂ ಅಚ್ಚು ಬೆಲ್ಲ ಪುಡಿ ಮಾಡಿ, ಮೂರು ಚಮಚ ನೀರಿನಲ್ಲಿ ಕರಗಿಸಿ ಸೋಸಿ. ಆಮೇಲೆ ಒಂದು ದೊಡ್ಡ ಚಮಚ ಜೇನುತುಪ್ಪ ಸೇರಿಸಿ. ಜೇನು ಹಾಕಿದರೆ ಬೆಲ್ಲ ತಣ್ಣಗಾದಾಗ ಹರಳುಗಟ್ಟುವುದು ಕಡಿಮೆ.

ಓಟ್ಸನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿಯಿರಿ. ಕೆಂಪಾಗುವುದು ಬೇಡ, ಘಮ ಬಂದರೆ ಸಾಕು. ತಟ್ಟೆಗೆ ಸುರಿದು ಉಳಿದ ಒಣ ಸಾಮಾನು ಬೆರೆಸಿಡಿ. ಟಿನ್ನಿಗೆ ಬಟರ್ ಪೇಪರ್ ಹಾಸಿ, ಎರಡು ಕಡೆ ಪೇಪರ್ ಹೊರಗೆ ಬಂದಿರಲಿ, ಎತ್ತಲು ಸುಲಭ. ಓಟಿಜಿ ಓವನ್ನನ್ನು 160 ಡಿಗ್ರಿಗೆ ಬಿಸಿಗಿಡಿ.

ಈಗ ಪಾಕ. ಬೆಣ್ಣೆ, ಬೆಲ್ಲ ಎರಡನ್ನೂ ಸಣ್ಣ ಉರಿಯಲ್ಲಿಡಿ. ಮೊದಲು ದೊಡ್ಡ ದೊಡ್ಡ ಗುಳ್ಳೆ ಎದ್ದು ಬೇಗ ಒಡೆಯುತ್ತವೆ. ಆಮೇಲೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ನಿಧಾನಕ್ಕೆ ಏಳುತ್ತವೆ. ಆಗ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರಲಿ. ಚಮಚದ ತುದಿಯಿಂದ ಒಂದು ಹನಿ ನೀರಿಗೆ ಬಿಡಿ. ಕರಗಿ ಹರಡಿದರೆ ಇನ್ನೂ ಆಗಿಲ್ಲ. ತಳದಲ್ಲಿ ಒಟ್ಟಾಗಿ ಕೂತರೆ ಬೆರಳಿನಿಂದ ಒಟ್ಟು ಮಾಡಿ ಎತ್ತಿ. ಉಂಡೆ ಬರಬೇಕು, ಆದರೆ ಒತ್ತಿದರೆ ಕಿವಿಯ ಹಾಲೆಯಷ್ಟು ಮೆತ್ತಗಿದ್ದು ಬೆರಳ ಮೇಲೆ ಸೋತು ಮಲಗಬೇಕು. ಅದೇ ಹದ. ಥರ್ಮಾಮೀಟರ್ ಇದ್ದರೆ 112 ಡಿಗ್ರಿ ಆಸುಪಾಸು. ನೀರಿನಿಂದ ತೆಗೆದ ಹನಿ ತಟ್ಟೆಗೆ ಟಣ್ ಎಂದು ಬಿದ್ದರೆ ಅದು ಚಿಕ್ಕಿ ಪಾಕ, ಕೈ ತಪ್ಪಿದ ಹಾಗೆ. ಅಂಥ ಹೊತ್ತಿನಲ್ಲಿ ನಾನು ಎರಡು ಚಮಚ ಬಿಸಿನೀರು ಹಾಕಿ ಮತ್ತೆ ಕರಗಿಸಿಕೊಳ್ಳುತ್ತೇನೆ. ಮುಖಕ್ಕೆ ಸಿಡಿಯುತ್ತದೆ, ದೂರ ನಿಂತು ಹಾಕಿ. ಹನಿ ಪರೀಕ್ಷೆ ಮಾಡುವಾಗಲೆಲ್ಲ ಬಾಣಲೆಯನ್ನು ಒಲೆಯಿಂದ ಕೆಳಗಿಡಿ. ನಾವು ನೋಡುತ್ತಿರುವ ಅರ್ಧ ನಿಮಿಷದಲ್ಲೇ ಪಾಕ ಏರಿರುತ್ತದೆ.

ಹದ ಬಂದ ಕೂಡಲೇ ಓಟ್ಸ್ ಸುರಿದು ಎಲ್ಲಕ್ಕೂ ಪಾಕ ಹತ್ತುವವರೆಗೆ ಕಲಸಿ. ಟಿನ್ನಿಗೆ ಹಾಕಿ, ಬೆಣ್ಣೆ ಸವರಿದ ಚಪ್ಪಟೆ ತಳದ ಬಟ್ಟಲಿನಿಂದ ಒತ್ತಿ. ಸುಮ್ನೆ ಸಮ ಮಾಡಿದರೆ ಸಾಲದು, ಮೈಭಾರ ಬಿಟ್ಟು ಒತ್ತಬೇಕು. ನನ್ನ ಎರಡನೇ ಸಲದ ಬಾರ್ ಪುಡಿಯಾಗಿದ್ದು ಇದರಿಂದಲೇ. ಮೂಲೆಗಳನ್ನು ಮರೆಯಬೇಡಿ.

ಓವನ್ನಿನ ನಡುವಿನ ರ್ಯಾಕಿನಲ್ಲಿ ಇಪ್ಪತ್ತು ನಿಮಿಷ. ಅಂಚು ಹೊಂಬಣ್ಣ ಬಂದಿರಬೇಕು, ನಡುಭಾಗ ಬೆರಳು ಇಟ್ಟರೆ ಇನ್ನೂ ಮೆತ್ತಗಿರಬೇಕು. ಬೆಂದಿಲ್ಲ ಅನ್ನಿಸುತ್ತದೆ, ಆದರೂ ತೆಗೆಯಿರಿ. ತಣ್ಣಗಾದಂತೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನಂಬುವ ಹಾಗಿಲ್ಲ ಅಲ್ವಾ. ಹದಿನೈದು ನಿಮಿಷ ಆದಮೇಲೆ ಹೋದರೆ ಬಾಗಿಲು ತೆರೆಯದೆ ಬಿಡಿ, ಒಳಗಿನ ಕಾವಿನಲ್ಲೇ ಬೇಯುತ್ತದೆ.

ಹತ್ತು ನಿಮಿಷ ಬಿಟ್ಟು ಚಾಕುವಿನಿಂದ ನಾಲ್ಕಕ್ಕೆ ನಾಲ್ಕು ತುಂಡು ಬರುವ ಹಾಗೆ ಗೆರೆ ಎಳೆಯಿರಿ. ಪೂರ್ತಿ ಕತ್ತರಿಸುವುದು ಎರಡು ಗಂಟೆ ಕಳೆದ ಮೇಲೆ. ಬಿಸಿಯಲ್ಲಿ ಎತ್ತಿದರೆ ಮುರಿಯುತ್ತದೆ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಜುಲೈ, ಆಗಸ್ಟಿನಲ್ಲಿ ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ನಮ್ಮ ಮನೆಯಲ್ಲಿ ಎಂಟು ದಿನ ಚೆನ್ನಾಗಿರುತ್ತದೆ.

ಒಟ್ಟು ಹದಿನಾರು ತುಂಡು. ಅಂಚಿನ ಹನ್ನೆರಡು ಸ್ವಲ್ಪ ಗಟ್ಟಿ, ಪ್ರಯಾಣಕ್ಕೆ ತಡೆಯುತ್ತವೆ, ಅವು ಹಾಸನದ ಡಬ್ಬಿಗೆ. ನಡುವಿನ ಮೆತ್ತಗಿನ ನಾಲ್ಕು ಅತ್ತೆಗೆ. ಅವರ ಹಲ್ಲಿಗೆ ಅದೇ ಸರಿ.